ಮನೆ ಸರ್ವರ್‌ನ ಪ್ರಿವ್ಯೂ ಅವಧಿ ಮುಗಿಯುತ್ತಿದೆ, ಅದರ ಮೇಲೇ ಅಪ್‌ಗ್ರೇಡ್ ಮಾಡಬಹುದಾ?

ಮೂಲೆಸರ್ವರ್
ಎಲ್ಲರಿಗೂ ನಮಸ್ಕಾರ. ಮನೆಯ ಒಂದು ಡೆಸ್ಕ್‌ಟಾಪ್ ಮೇಲೆ ವಿಂಡೋಸ್ ಸರ್ವರ್ ಇನ್‌ಸೈಡರ್ ಪ್ರಿವ್ಯೂ (ಫೈನಲ್‌ಗೆ ಮೊದಲು ಪರೀಕ್ಷೆಗೆ ಬಿಡುವ ಆವೃತ್ತಿ) ಓಡುತ್ತಿದೆ. ಫೈಲ್ ಶೇರ್, ಮನೆಯವರ ಲ್ಯಾಪ್‌ಟಾಪ್‌ಗಳ ಬ್ಯಾಕಪ್, ಹೈಪರ್-ವಿಯಲ್ಲಿ ಒಂದೆರಡು ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್). ಇಷ್ಟೇ ಅದರ ಕೆಲಸ. ಚೆನ್ನಾಗಿಯೇ ನಡೆದಿದೆ. ಈಗ ಬಿಲ್ಡ್‌ನ, ಅಂದರೆ ಹಾಕಿಕೊಂಡಿರುವ ಈ ಪ್ರತಿಯ, ಅವಧಿ ಮುಗಿಯುತ್ತದೆ ಅಂತ ಎಚ್ಚರಿಕೆ ಬರುತ್ತಿದೆ.

ಫೈನಲ್ ಆದ ಸರ್ವರ್ 2025ರ ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್‌ನ ಫೈಲ್) ಮೌಂಟ್ ಮಾಡಿ ಸೆಟಪ್ ಓಡಿಸಿದೆ. ಫೈಲ್, ಸೆಟ್ಟಿಂಗ್, ಆ್ಯಪ್ ಎಲ್ಲ ಉಳಿಸಿಕೊಳ್ಳುವ ಆಯ್ಕೆ ಮಸುಕಾಗಿದೆ, ಒತ್ತೋಕೆ ಆಗುತ್ತಿಲ್ಲ. ಡೇಟಾ ಬೇರೆ ಡಿಸ್ಕ್‌ಗಳಲ್ಲಿದೆ: ಸ್ಟೋರೇಜ್ ಸ್ಪೇಸಸ್ ಪೂಲ್ (ಹಲವು ಡಿಸ್ಕ್ ಸೇರಿಸಿ ಮಾಡಿದ ಒಂದೇ ಜಾಗ), ಅದರ ಮೇಲೆ ಆರ್‌ಇಎಫ್‌ಎಸ್ (ಡಿಸ್ಕ್‌ನಲ್ಲಿ ಫೈಲ್ ಇಡುವ ಒಂದು ವಿಧಾನ). ಇರೋದನ್ನ ಹಾಗೇ ಉಳಿಸಿಕೊಂಡು ಫೈನಲ್‌ಗೆ ಹೋಗೋಕೆ ದಾರಿ ಇದೆಯಾ, ಇಲ್ಲ ಮೊದಲಿಂದ ಹಾಕಬೇಕಾ?

ಬೂಟ್‌ಲೋಡರ್
ಮೊದಲು ಬಿಲ್ಡ್ ನಂಬರ್ ಹೇಳಿ. ಅದಿಲ್ಲದೆ ಇಲ್ಲಿ ಯಾರು ಏನು ಹೇಳಿದರೂ ಊಹೆಯೇ.

ಹಸಿರುದೀಪ
ಮೊದಲಿಂದ ಹಾಕಿ. ಬೇರೆ ಮಾತೇ ಇಲ್ಲ.

ಮೂಲೆಸರ್ವರ್
26100ಕ್ಕಿಂತ ದೊಡ್ಡದು. ಸರ್ವರ್ 2025 ಬಂದ ಮೇಲೆ ಬಿಟ್ಟ ಪ್ರಿವ್ಯೂ ಇದು.

ಬೂಟ್‌ಲೋಡರ್
ಹಾಗಾದರೆ ಕಾರಣ ಸಿಕ್ಕಿತು. ಸರ್ವರ್ 2025 ಬಿಡುಗಡೆಯಾದದ್ದು 2024ರ ನವೆಂಬರ್ 1ಕ್ಕೆ, ಅದರ ಬಿಲ್ಡ್ 26100. ನಿಮ್ಮದು ಅದಕ್ಕಿಂತ ಮುಂದಿನದು, ಅಂದರೆ ಸರ್ವರ್ 2025ರ ನಂತರ ಬರಬೇಕಾದ ಆವೃತ್ತಿಯ ಹಾದಿಯಲ್ಲಿರುವಂಥದ್ದು. ಹೆಸರಿನಲ್ಲಿ ಪ್ರಿವ್ಯೂ ಇದೆ ಅಂತ ಅದು ಫೈನಲ್‌ಗಿಂತ ಹಿಂದಿದೆ ಅಂದುಕೊಳ್ಳುತ್ತೇವೆ. ಇಲ್ಲಿ ಲೆಕ್ಕ ತಿರುಗಾಮುರುಗಾ. ನೀವು ಕೇಳುತ್ತಿರೋದು ಅಪ್‌ಗ್ರೇಡ್ ಅಲ್ಲ, ಡೌನ್‌ಗ್ರೇಡ್. ಸೆಟಪ್ ಹಿಂದಕ್ಕೆ ಹೋಗೋಕೆ ಬಿಡಲ್ಲ. ಅದಕ್ಕೇ ಆ ಆಯ್ಕೆ ಮಸುಕಾಗಿರೋದು.

ತಂತಿಬೇಲಿ
ರಿಜಿಸ್ಟ್ರಿಯಲ್ಲಿ ಬಿಲ್ಡ್ ನಂಬರ್, ಎಡಿಷನ್ ಹೆಸರು ಎರಡನ್ನೂ ಬದಲಿಸಿ ಸೆಟಪ್ ಓಡಿಸಿದರೆ ದಾಟಿಕೊಂಡು ಹೋಗುತ್ತೆ ಅಂತ ಎಷ್ಟೋ ಜನ ಹೇಳುತ್ತಾರೆ. ಇವಾಲ್ಯುಯೇಷನ್ (ಪ್ರಯೋಗಕ್ಕೆ ಕೊಡುವ) ಕಾಪಿಯಲ್ಲಿ ಎಡಿಷನ್ ಹೆಸರು ಬದಲಿಸಿ ನಾನೇ ಕೆಲಸ ಮುಗಿಸಿದ್ದೇನೆ, ಇವತ್ತಿಗೂ ಓಡುತ್ತಿದೆ. ಸುಮ್ನೆ ಹೆದರಿಸಬೇಡಿ.

ಬೂಟ್‌ಲೋಡರ್
ತಂತಿಬೇಲಿ, ಇವೆರಡೂ ಒಂದೇ ಅಲ್ಲ. ಇವಾಲ್ಯುಯೇಷನ್ ಅಂದರೆ ಫೈನಲ್ ಕೋಡೇ. ಲೈಸೆನ್ಸ್ ಮಾತ್ರ 180 ದಿನದ್ದು. ಅದಕ್ಕೆ ರಿಜಿಸ್ಟ್ರಿ ಮುಟ್ಟುವ ಅಗತ್ಯವೇ ಇಲ್ಲ. ವಿಂಡೋಸ್‌ನ ಡಿಸ್ಮ್ ಅನ್ನೋ ಉಪಕರಣದಲ್ಲಿ ಎಡಿಷನ್ ಬದಲಿಸೋ ಆಜ್ಞೆ ಇದೆ. ಸರಿಯಾದ ಕೀ ಕೊಟ್ಟು ರೀಸ್ಟಾರ್ಟ್ ಮಾಡಿದರೆ ಪೂರ್ಣ ಆವೃತ್ತಿ ಆಗುತ್ತದೆ. ಡೊಮೇನ್ ಕಂಟ್ರೋಲರ್ (ನೆಟ್‌ವರ್ಕ್‌ನ ಬಳಕೆದಾರರನ್ನ ನಿಭಾಯಿಸುವ ಸರ್ವರ್) ಆಗಿದ್ದರೆ ಮಾತ್ರ ಆಗಲ್ಲ, ಮೊದಲು ಆ ಪಾತ್ರ ತೆಗೆಯಬೇಕು.

ಪ್ರಿವ್ಯೂದಲ್ಲಿ ಕೋಡೇ ಬೇರೆ. ನಂಬರ್ ಬದಲಿಸಿದರೆ ಸೆಟಪ್‌ನ ಕಣ್ಣು ತಪ್ಪಿಸಬಹುದು. ಆದರೆ ಡ್ರೈವರ್‌ಗಳು, ಸರ್ವಿಸ್‌ಗಳ ಸೆಟ್ಟಿಂಗ್, ರಿಜಿಸ್ಟ್ರಿಯ ರಚನೆ ಎಲ್ಲ ಹೊಸ ಬಿಲ್ಡ್‌ಗೆ ತಕ್ಕಂತೆ ಇರುತ್ತವೆ. ಅದನ್ನ ಹಳೆಯ ಬಿಲ್ಡ್ ಓದಬೇಕು. ಮೊದಲ ದಿನ ಚೆನ್ನಾಗೇ ಕಾಣುತ್ತೆ. ಆಮೇಲೆ ಒಂದು ತಿಂಗಳ ಅಪ್‌ಡೇಟ್ ಹತ್ತಲ್ಲ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ಮನೆಯವರ ಫೋಟೋ ಇರುವ ಮಷೀನ್‌ನಲ್ಲಿ ಇಂಥ ಪ್ರಯೋಗ ಬೇಡ.

ತಂತಿಬೇಲಿ
ಇವಾಲ್ಯುಯೇಷನ್ ಬಗ್ಗೆ ಒಪ್ಪಿದೆ. ಆದರೂ ಬ್ಯಾಕಪ್ ಇದ್ದವರು ಪ್ರಯತ್ನಿಸೋದರಲ್ಲಿ ತಪ್ಪೇನು? ಆಗದಿದ್ದರೆ ಆಗ ಮೊದಲಿಂದ ಹಾಕಿದರಾಯ್ತು.

ಹಸಿರುದೀಪ
ತಪ್ಪೇನು ಅಂದರೆ, ಆಗಿದೆಯೋ ಇಲ್ಲವೋ ಅಂತ ಗೊತ್ತಾಗೋಕೆ ತಿಂಗಳುಗಳು ಬೇಕು. ಅಷ್ಟರಲ್ಲಿ ಹಳೇ ಬ್ಯಾಕಪ್ ಅಳಿಸಿಹೋಗಿರುತ್ತದೆ.

ಬೀಟಾಹಾದಿ
ಇಷ್ಟೆಲ್ಲ ಯಾಕೆ? ಮುಂದಿನ ಪ್ರಿವ್ಯೂ ಬಿಲ್ಡ್‌ಗೆ ಹೋಗಿ. ಪ್ರಿವ್ಯೂದಿಂದ ಪ್ರಿವ್ಯೂಗೆ ಎಲ್ಲ ಉಳಿಸಿಕೊಂಡೇ ಹೋಗಬಹುದು. ಈಗ ವಿಂಡೋಸ್ ಅಪ್‌ಡೇಟ್‌ನಲ್ಲೇ ಬರುತ್ತೆ, ಐಎಸ್‌ಒ ಕೂಡ ಬೇಡ. ಪ್ರತಿ ಬಿಲ್ಡ್‌ನ ಪ್ರಕಟಣೆಯಲ್ಲಿ ಅವಧಿಯ ದಿನಾಂಕ, ಕೀ ಎರಡೂ ಇರುತ್ತವೆ. ನಾನು ಹಾಗೇ ಮುಂದುವರಿಸಿಕೊಂಡು ಬಂದಿದ್ದೇನೆ. ಹೊಸ ಸೌಲಭ್ಯ ಮೊದಲು ಸಿಗುತ್ತೆ, ಕಲಿಯೋಕೂ ಸಿಗುತ್ತೆ. ಮನೆ ಸರ್ವರ್ ಇರೋದೇ ಅದಕ್ಕೆ ಅಲ್ವಾ?

ಅಟ್ಟದಮೇಲೆ
ಮನೆ ಸರ್ವರ್ ಇರೋದು ಮನೆಯವರಿಗೆ, ಬೀಟಾಹಾದಿ. ಕಲಿಯೋಕೆ ವರ್ಚುವಲ್ ಮಷೀನ್ ಇದೆ. ಪ್ರಿವ್ಯೂ ಅವಧಿ ಮುಗಿದರೆ ಮಷೀನ್ ತಾನೇ ರೀಸ್ಟಾರ್ಟ್ ಆಗೋಕೆ ಶುರುಮಾಡುತ್ತದೆ, ಕೊನೆಗೆ ಬೂಟ್ ಆಗೋದನ್ನೂ ನಿಲ್ಲಿಸಬಹುದು. ನೀವು ಯಾವುದೋ ಕಾರಣಕ್ಕೆ ಒಂದಷ್ಟು ದಿನ ಮನೆಯಲ್ಲಿ ಇಲ್ಲ ಅಂದುಕೊಳ್ಳಿ. ಬಿಲ್ಡ್ ಬದಲಿಸೋರು ಯಾರು?

ಬೀಟಾಹಾದಿ
ದಿನಾಂಕ ಮೊದಲೇ ಗೊತ್ತಿರುತ್ತೆ. ಕ್ಯಾಲೆಂಡರ್‌ನಲ್ಲಿ ಹಾಕಿಕೊಂಡರೆ ಆಯ್ತು. ಇವಾಲ್ಯುಯೇಷನ್ ಕೂಡ 180 ದಿನ ಮುಗಿದ ಮೇಲೆ ಗಂಟೆಗೊಮ್ಮೆ ಶಟ್‌ಡೌನ್ ಆಗುತ್ತೆ. ಅದಕ್ಕೂ ದಿನಾಂಕ ನೋಡಲೇಬೇಕು.

ಬೂಟ್‌ಲೋಡರ್
ಬೀಟಾಹಾದಿ ಹೇಳಿದ್ದು ಸಮಯ ಗಳಿಸೋಕೆ ಒಳ್ಳೆಯ ದಾರಿ. ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ಪ್ರತಿ ಬಿಲ್ಡ್‌ಗೂ 2025ರಿಂದ ಇನ್ನಷ್ಟು ದೂರ ಹೋಗುತ್ತೀರಿ. ಕೊನೆಗೆ ಮುಂದಿನ ಆವೃತ್ತಿ ಬಿಡುಗಡೆಯಾದಾಗ ಪ್ರಿವ್ಯೂದಿಂದ ಅದಕ್ಕೆ ಹೋಗೋಕೆ ಬಿಡುತ್ತಾರೆ ಅನ್ನೋ ಭರವಸೆ ಯಾರೂ ಕೊಟ್ಟಿಲ್ಲ.

ಕಡತಕೋಣೆ
ಎಲ್ಲರೂ ಓಎಸ್ ಬಗ್ಗೆಯೇ ಜಗಳವಾಡುತ್ತಿದ್ದೀರಿ. ಅಪಾಯ ಇರೋದು ಓಎಸ್‌ನಲ್ಲಿ ಅಲ್ಲ, ಮೂಲೆಸರ್ವರ್ ಬರೆದ ಇನ್ನೊಂದು ಮಾತಿನಲ್ಲಿ: ಡೇಟಾ ಆರ್‌ಇಎಫ್‌ಎಸ್ ಮೇಲಿದೆ. ಡೇಟಾ ಬೇರೆ ಡಿಸ್ಕ್‌ನಲ್ಲಿದ್ದರೆ ಸಾಕು, ಓಎಸ್ ಯಾವುದಾದರೇನು ಅಂತ ಅಂದುಕೊಳ್ಳುವವರು ಇದನ್ನ ಓದಲೇಬೇಕು.

ಹೊಸ ವಿಂಡೋಸ್ ಒಂದು ಆರ್‌ಇಎಫ್‌ಎಸ್ ವಾಲ್ಯೂಮನ್ನು ಮೌಂಟ್ ಮಾಡಿದಾಗ, ಅದರ ಆವೃತ್ತಿಯನ್ನ ತಾನೇ ಮೇಲಕ್ಕೇರಿಸುತ್ತದೆ. ನಿಮ್ಮನ್ನ ಕೇಳಲ್ಲ. ಏರಿದ ಮೇಲೆ ಇಳಿಸೋಕೆ ದಾರಿಯೂ ಇಲ್ಲ. ನಿಮ್ಮ ಪ್ರಿವ್ಯೂ ಹಾಗೆ ಏರಿಸಿದ್ದರೆ, 2025 ಹಾಕಿದ ಮೇಲೆ ಆ ಡ್ರೈವ್ ರಾ (ಓದೋಕೆ ಬಾರದ ಡಿಸ್ಕ್) ಅಂತ ಕಾಣಿಸುತ್ತೆ. ಫಾರ್ಮ್ಯಾಟ್ ಮಾಡಲಾ ಅಂತ ಕೇಳುವ ಕಿಟಕಿ ಬರುತ್ತೆ. ಅಲ್ಲಿ ಗಾಬರಿಯಲ್ಲಿ ಹೌದು ಅಂದರೆ ಮುಗೀತು.

ಈಗಲೇ, ಪ್ರಿವ್ಯೂ ಜೀವಂತ ಇರುವಾಗಲೇ, ಎಫ್‌ಎಸ್‌ಯುಟಿಲ್ ಆಜ್ಞೆಯ ಆರ್‌ಇಎಫ್‌ಎಸ್‌ಇನ್ಫೋದಲ್ಲಿ ಆವೃತ್ತಿ ನೋಡಿ. 2025 ಇರುವ ಇನ್ನೊಂದು ಮಷೀನ್ ಅಥವಾ ವರ್ಚುವಲ್ ಮಷೀನ್‌ನಲ್ಲಿ ಹೊಸ ಆರ್‌ಇಎಫ್‌ಎಸ್ ವಾಲ್ಯೂಮ್ ಮಾಡಿ ಅದರ ಆವೃತ್ತಿಯನ್ನೂ ನೋಡಿ. ನಿಮ್ಮದು ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ಯೋಚನೆ ಬೇಡ. ಡೇಟಾ ಪೂರ್ತಿ ಇನ್ನೊಂದು ಡಿಸ್ಕ್‌ಗೆ, ಎನ್‌ಟಿಎಫ್‌ಎಸ್‌ಗೆ (ವಿಂಡೋಸ್‌ನ ಮಾಮೂಲಿ ವಿಧಾನ) ನಕಲು ಮಾಡಿ.

ಸ್ಟೋರೇಜ್ ಪೂಲ್‌ಗೂ ಒಂದು ಆವೃತ್ತಿ ಇದೆ. ಆದರೆ ಅದು ತಾನೇ ಏರಲ್ಲ, ಹಳೇ ಪೂಲನ್ನ ನೀವು ಆಜ್ಞೆ ಕೊಟ್ಟರೆ ಮಾತ್ರ ಏರುತ್ತದೆ. ಅದೂ ಒಮ್ಮುಖ ರಸ್ತೆ.

ಮೂಲೆಸರ್ವರ್
ಕಡತಕೋಣೆ, ಇದು ನನಗೆ ಗೊತ್ತೇ ಇರಲಿಲ್ಲ. ಪೂಲ್ ಸರ್ವರ್ 2022ರಲ್ಲಿ ಮಾಡಿದ್ದು, ಅದನ್ನ ಏರಿಸಿಲ್ಲ. ಆರ್‌ಇಎಫ್‌ಎಸ್ ಆವೃತ್ತಿ ಇವತ್ತು ರಾತ್ರಿ ನೋಡುತ್ತೇನೆ. ಹೈಪರ್-ವಿ ಮಷೀನ್‌ಗಳ ಕಥೆ?

ಕಡತಕೋಣೆ
ಅದಕ್ಕೂ ಕಾನ್ಫಿಗರೇಷನ್ ಆವೃತ್ತಿ ಇದೆ. ಸರ್ವರ್ 2022ರಲ್ಲಿ 10.0, ಸರ್ವರ್ 2025ರಲ್ಲಿ 12.0. ಹಳೇ ಮಷೀನ್ ತಾನಾಗಿ ಏರಲ್ಲ. ಆದರೆ ಪ್ರಿವ್ಯೂದಲ್ಲಿ ಹೊಸದಾಗಿ ಮಾಡಿದ ಮಷೀನ್ ಆ ಬಿಲ್ಡ್‌ನ ಡಿಫಾಲ್ಟ್ ಆವೃತ್ತಿಯಲ್ಲೇ ಹುಟ್ಟಿರುತ್ತದೆ. ಅದು 12.0ಗಿಂತ ಮೇಲಿದ್ದರೆ 2025 ಅದನ್ನ ಇಂಪೋರ್ಟ್ ಮಾಡಿಕೊಳ್ಳಲ್ಲ. ಇದಕ್ಕೆ ಮಾತ್ರ ಸುಲಭದ ದಾರಿ ಇದೆ: ವಿಎಚ್‌ಡಿಎಕ್ಸ್ ಫೈಲ್ (ವರ್ಚುವಲ್ ಮಷೀನ್‌ನ ಡಿಸ್ಕ್) ಇಟ್ಟುಕೊಳ್ಳಿ, 2025ರಲ್ಲಿ ಹೊಸ ಮಷೀನ್ ಮಾಡಿ ಅದಕ್ಕೆ ಆ ಡಿಸ್ಕ್ ಜೋಡಿಸಿ. ಜನರೇಷನ್ 1ಆ 2ಆ ಅಂತ ಮೊದಲೇ ಬರೆದಿಟ್ಟುಕೊಳ್ಳಿ, ತಪ್ಪಿದರೆ ಬೂಟ್ ಆಗಲ್ಲ. ಚೆಕ್‌ಪಾಯಿಂಟ್‌ಗಳಿದ್ದರೆ (ಮರಳೋಕೆ ಉಳಿಸಿಟ್ಟ ಹಿಂದಿನ ಸ್ಥಿತಿಗಳು) ಅಳಿಸಿ ಒಂದಾಗಿಸಿದ ಮೇಲೆ ನಕಲು ಮಾಡಿ.

ಹಳೇಡ್ರೈವ್
ಆರ್‌ಇಎಫ್‌ಎಸ್ ಮಾತು ಬಂದಾಗ ವಿಂಡೋಸ್ ಹೋಮ್ ಸರ್ವರ್ ನೆನಪಾಗುತ್ತೆ. ಅದರ ಡ್ರೈವ್ ಎಕ್ಸ್‌ಟೆಂಡರ್ ಎಷ್ಟು ಚೆನ್ನಾಗಿತ್ತು! ಬೇರೆ ಬೇರೆ ಗಾತ್ರದ ಡಿಸ್ಕ್‌ಗಳನ್ನ ಸೇರಿಸಿ ಒಂದೇ ಜಾಗ ಮಾಡಿಕೊಡುತ್ತಿತ್ತು. ಬೇಕಾದ ಫೋಲ್ಡರ್‌ಗೆ ಎರಡು ಪ್ರತಿ ಇಡುತ್ತಿತ್ತು.

2010ರ ಏಪ್ರಿಲ್‌ನಲ್ಲಿ ಮುಂದಿನ ಆವೃತ್ತಿಯ ಪ್ರಿವ್ಯೂ ಬಂತು, ವೇಲ್ ಅನ್ನೋ ಸಂಕೇತನಾಮದಲ್ಲಿ. ನನ್ನ ಗೆಳೆಯರಲ್ಲಿ ಎಷ್ಟೋ ಜನ ಮನೆಯಲ್ಲಿ ಹಾಕಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಡ್ರೈವ್ ಎಕ್ಸ್‌ಟೆಂಡರನ್ನೇ ತೆಗೆಯುತ್ತೇವೆ ಅಂತ ಪ್ರಕಟಣೆ ಬಂತು. 2011ರಲ್ಲಿ ಫೈನಲ್ ಅದಿಲ್ಲದೆಯೇ ಬಂತು. ಪ್ರಿವ್ಯೂದ ಪೂಲ್‌ನಲ್ಲಿ ಡೇಟಾ ಇಟ್ಟವರು ಎಲ್ಲವನ್ನೂ ಹೊರಗೆ ನಕಲು ಮಾಡಿಕೊಳ್ಳಬೇಕಾಯ್ತು. ಪ್ರಿವ್ಯೂದಲ್ಲಿ ಇರುವ ಸೌಲಭ್ಯ ಫೈನಲ್‌ನಲ್ಲಿ ಇರುತ್ತೆ ಅನ್ನೋದಕ್ಕೆ ಯಾವ ಖಾತ್ರಿಯೂ ಇಲ್ಲ.

ಅಟ್ಟದಮೇಲೆ
ಹಳೇಡ್ರೈವ್, ಡ್ರೈವ್ ಎಕ್ಸ್‌ಟೆಂಡರ್ ಅಷ್ಟು ಒಳ್ಳೆಯದಾಗಿರಲಿಲ್ಲ. ಮೊದಲ ಆವೃತ್ತಿಯಲ್ಲಿ ಫೈಲ್ ಕೆಡಿಸುವ ದೋಷ 2007ರ ಡಿಸೆಂಬರ್‌ನಲ್ಲಿ ಹೊರಬಂತು. ಪವರ್ ಪ್ಯಾಕ್ 1ರಲ್ಲಿ ಸರಿಪಡಿಸಿದ್ದು 2008ರ ಜುಲೈನಲ್ಲಿ. ಅದು ಫೈನಲ್ ಆಗಿ ಮಾರಿದ್ದೇ ಹೊರತು ಪ್ರಿವ್ಯೂ ಅಲ್ಲ.

ಹಳೇಡ್ರೈವ್
ನಿಜ. ಅಷ್ಟು ತಿಂಗಳು ಕಾದದ್ದು ನೆನಪಿದೆ. ಆದರೂ ಅದರ ಜಾಗಕ್ಕೆ ಅಷ್ಟು ಸರಳವಾದದ್ದು ಇನ್ನೂ ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಪೆಂಗ್ವಿನ್‌ಪಥ
ಲಿನಕ್ಸ್‌ನಲ್ಲಿ ಈ ಗೋಳೇ ಇಲ್ಲ. ಡೆಬಿಯನ್ ಟೆಸ್ಟಿಂಗನ್ನ ಅದರ ಸಂಕೇತನಾಮದಲ್ಲಿ ಹಾಕಿಕೊಂಡಿದ್ದರೆ, ಬಿಡುಗಡೆಯ ದಿನ ನಿಮ್ಮ ಮಷೀನ್ ತಾನೇ ಸ್ಟೇಬಲ್ ಆಗಿಬಿಡುತ್ತದೆ. ಟ್ರಿಕ್ಸಿ ಅನ್ನೋ ಸಂಕೇತನಾಮದ ಆವೃತ್ತಿ 2025ರ ಆಗಸ್ಟ್ 9ಕ್ಕೆ ಬಂತು. ಮೊದಲೇ ಟ್ರಿಕ್ಸಿ ಅಂತ ಬರೆದುಕೊಂಡಿದ್ದವರು ಮಾಮೂಲಿ ಅಪ್‌ಡೇಟ್ ಬಿಟ್ಟು ಬೇರೇನೂ ಮಾಡಬೇಕಿರಲಿಲ್ಲ. ಟೆಸ್ಟಿಂಗ್ ಅನ್ನೋ ಪದವನ್ನೇ ಬರೆದವರು ಮಾತ್ರ ಮುಂದಿನದಕ್ಕೆ ಜಾರಿಕೊಂಡು ಹೋಗುತ್ತಾರೆ. ಉಬುಂಟು ಬೀಟಾ ಕೂಡ ಹಾಗೇ, ಅಪ್‌ಡೇಟ್ ಮಾಡುತ್ತಾ ಹೋದರೆ ಅದೇ ಫೈನಲ್.

ಬೂಟ್‌ಲೋಡರ್
ದಾರಿ ಸುಲಭ ಇದೆ, ಒಪ್ಪುತ್ತೇನೆ. ಆದರೆ ಪ್ರಿವ್ಯೂದ ಅಪಾಯ ಅಲ್ಲೂ ಇದೆ. 2024ರ ಮಾರ್ಚ್ 29 ನೆನಪಿಲ್ವಾ? ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ತಂತ್ರಾಂಶ) ಒಳಗೆ ಹಿಂಬಾಗಿಲು ಸಿಕ್ಕಿದ್ದು. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ. ಡೆಬಿಯನ್ ಟೆಸ್ಟಿಂಗ್, ಅನ್‌ಸ್ಟೇಬಲ್, ಫೆಡೋರಾ ರಾಹೈಡ್‌ಗಳಿಗೆ ಬಂದಿತ್ತು. ಡೆಬಿಯನ್ ಸ್ಟೇಬಲ್‌ಗೆ ತಲುಪಿರಲಿಲ್ಲ. ಹೊರಗಿನಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ತೆರೆದಿಟ್ಟ ಮನೆ ಸರ್ವರ್‌ನಲ್ಲಿ ಟೆಸ್ಟಿಂಗ್ ಇದ್ದವರು ಆ ವಾರ ಎಲ್ಲ ಕೀ ಬದಲಿಸಬೇಕಾಯ್ತು.

ಪೆಂಗ್ವಿನ್‌ಪಥ
ಅದನ್ನ ಕಂಡುಹಿಡಿದದ್ದೂ ಅನ್‌ಸ್ಟೇಬಲ್ ಓಡಿಸುತ್ತಿದ್ದ ಒಬ್ಬರೇ. ಆಂಡ್ರೆಸ್ ಫ್ರಾಯಿಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕೋಡ್ ಬರೆಯುವವರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಬೆನ್ನು ಹತ್ತಿದರು. ಪ್ರಿವ್ಯೂ ಓಡಿಸುವವರು ಇಲ್ಲದಿದ್ದರೆ ಅದು ಸ್ಟೇಬಲ್‌ಗೂ ಬರುತ್ತಿತ್ತು. ಉಬುಂಟು 24.04ರ ಬೀಟಾವನ್ನೇ ಅದಕ್ಕಾಗಿ ಒಂದು ವಾರ ಮುಂದೂಡಿದರು. ಯಾರಾದರೂ ಓಡಿಸಲೇಬೇಕು.

ಬೀಟಾಹಾದಿ
ಇದನ್ನೇ ನಾನು ಹೇಳುತ್ತಿರೋದು. ಫೈನಲ್ ಅಂದ ತಕ್ಷಣ ಸುರಕ್ಷಿತ ಅಂತಲೂ ಅಲ್ಲ. 2018ರ ಅಕ್ಟೋಬರ್ 2ಕ್ಕೆ ಬಂದ ವಿಂಡೋಸ್ 10 1809 ಕೆಲವರ ಡಾಕ್ಯುಮೆಂಟ್ ಫೋಲ್ಡರ್‌ನ ಫೈಲ್‌ಗಳನ್ನೇ ಅಳಿಸಿತ್ತು. ಸರ್ವರ್ 2019 ಅನ್ನೂ ಅದರ ಜೊತೆ ಹಿಂದಕ್ಕೆ ತೆಗೆದುಕೊಂಡರು. ಮತ್ತೆ ಬಿಟ್ಟದ್ದು ನವೆಂಬರ್ 13ಕ್ಕೆ.

ಅಟ್ಟದಮೇಲೆ
ಆ ದೋಷದ ದೂರುಗಳು ಬಿಡುಗಡೆಗೆ ಮೊದಲೇ ಪ್ರಿವ್ಯೂ ಓಡಿಸುವವರಿಂದ ಬಂದಿದ್ದವು. ಯಾರೂ ಗಮನಿಸಲಿಲ್ಲ. ಹಾಗಾಗಿ ಓಡಿಸಿ, ದೂರು ಕೊಡಿ, ಒಳ್ಳೆಯ ಕೆಲಸವೇ. ಆದರೆ ಬೇರೆ ಕಡೆ ಪ್ರತಿ ಇಲ್ಲದ ಫೈಲನ್ನ ಅದರ ಮೇಲೆ ಇಡಬೇಡಿ. ನನ್ನ ವಾದ ಇಷ್ಟೇ.

ಬೀಟಾಹಾದಿ
ಇದಕ್ಕೆ ನನ್ನ ತಕರಾರಿಲ್ಲ.

ಕಡತಕೋಣೆ
ಪೆಂಗ್ವಿನ್‌ಪಥ, ಝಡ್‌ಎಫ್‌ಎಸ್ (ಲಿನಕ್ಸ್‌ನಲ್ಲೂ ಬಳಸುವ ಇನ್ನೊಂದು ಫೈಲ್ ವ್ಯವಸ್ಥೆ) ಬಳಸುವವರಿಗೂ ಇದೇ ಒಮ್ಮುಖ ರಸ್ತೆ ಇದೆ ಅಂತ ಹೇಳಿಬಿಡಿ. ಓಎಸ್ ಅಪ್‌ಗ್ರೇಡ್ ಆದ ಮೇಲೆ ಪೂಲ್‌ನ ಹೊಸ ಸೌಲಭ್ಯ ಆನ್ ಮಾಡಬಹುದು ಅಂತ ಸೂಚನೆ ಬರುತ್ತೆ. ಜನ ಒತ್ತಿಬಿಡುತ್ತಾರೆ. ಆಮೇಲೆ ಹಳೇ ಓಎಸ್‌ಗೆ ಮರಳಿದರೆ ಪೂಲ್ ಇಂಪೋರ್ಟ್ ಆಗಲ್ಲ.

ಪೆಂಗ್ವಿನ್‌ಪಥ
ಹೌದು. ಆದರೆ ಅದು ತಾನೇ ಆಗಲ್ಲ, ನಾವೇ ಆಜ್ಞೆ ಕೊಡಬೇಕು. ಕೊಡುವ ಮೊದಲು ಚೆಕ್‌ಪಾಯಿಂಟ್ ಮಾಡಿಕೊಂಡರೆ ಹಿಂದಕ್ಕೆ ಬರಬಹುದು. ಆದರೆ ಚೆಕ್‌ಪಾಯಿಂಟ್ ಮಾಡಿದ ಮೇಲೆ ಬರೆದದ್ದೆಲ್ಲ ಹೋಗುತ್ತೆ. ಆ ಸೂಚನೆಯನ್ನ ಕೆಲವು ತಿಂಗಳು ಹಾಗೇ ಬಿಟ್ಟರೆ ಏನೂ ನಷ್ಟವಿಲ್ಲ.

ಮೂಲೆಸರ್ವರ್
ಆವೃತ್ತಿ ನೋಡಿದೆ. ಆರ್‌ಇಎಫ್‌ಎಸ್ 2025ರದ್ದಕ್ಕಿಂತ ಮೇಲಿದೆ. ಕಡತಕೋಣೆ ಹೇಳದಿದ್ದರೆ ಇದು ನೇರವಾಗಿ ರಾ ಆಗುತ್ತಿತ್ತು. ದೊಡ್ಡದೊಂದು ಡಿಸ್ಕ್‌ಗೆ ಎನ್‌ಟಿಎಫ್‌ಎಸ್ ಮಾಡಿ ನಕಲು ಶುರುಮಾಡಿದ್ದೇನೆ. ಫ್ರೆಶ್ ಆಗಿಯೇ ಹಾಕುತ್ತೇನೆ. ಪ್ರಿವ್ಯೂದಿಂದ ಬೇರೆ ಏನೇನು ತೆಗೆದಿಟ್ಟುಕೊಳ್ಳಬೇಕು?

ಬೂಟ್‌ಲೋಡರ್
ಹಳೇ ಎಸ್‌ಎಸ್‌ಡಿಯನ್ನ ಮುಟ್ಟಲೇಬೇಡಿ. ಅದನ್ನ ಬಿಚ್ಚಿ ಪಕ್ಕಕ್ಕಿಡಿ, ಹೊಸ ಎಸ್‌ಎಸ್‌ಡಿ ಮೇಲೆ 2025 ಹಾಕಿ. ಎಡವಟ್ಟಾದರೆ ಹಳೆಯದನ್ನ ಜೋಡಿಸಿದರೆ ಮತ್ತೆ ಪ್ರಿವ್ಯೂ ಬರುತ್ತೆ. ಇನ್‌ಸ್ಟಾಲ್ ಮಾಡುವಾಗ ಡೇಟಾ ಡಿಸ್ಕ್‌ಗಳ ಕೇಬಲ್ ತೆಗೆದಿರಲಿ.

ಶೇರ್‌ಗಳ ಪಟ್ಟಿ ರಿಜಿಸ್ಟ್ರಿಯಲ್ಲಿ ಲ್ಯಾನ್‌ಮ್ಯಾನ್‌ಸರ್ವರ್ ಕೆಳಗೆ ಇರುತ್ತೆ, ಎಕ್ಸ್‌ಪೋರ್ಟ್ ಮಾಡಿ. ಟಾಸ್ಕ್ ಶೆಡ್ಯೂಲರ್‌ನ ಕೆಲಸಗಳನ್ನ ಎಕ್ಸ್‌ಎಂಎಲ್ ಆಗಿ ತೆಗೆದುಕೊಳ್ಳಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ) ಇದ್ದರೆ ರಿಕವರಿ ಕೀ ಬೇರೆ ಕಡೆ ಬರೆದಿಡಿ. ಯಾರಾದರೂ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಎನ್‌ಕ್ರಿಪ್ಟ್ ಟಿಕ್ ಮಾಡಿದ್ದರೆ ಇನ್ನೂ ಎಚ್ಚರ: ಅದು ಇಎಫ್‌ಎಸ್, ಫೈಲ್‌ಗೇ ಬೀಗ ಹಾಕುವ ಸೌಲಭ್ಯ. ಸರ್ಟಿಫಿಕೇಟ್ ಎಕ್ಸ್‌ಪೋರ್ಟ್ ಮಾಡದೆ ಓಎಸ್ ಬದಲಿಸಿದರೆ ಆ ಫೈಲ್ ತೆರೆಯೋಕೆ ದಾರಿಯೇ ಇರಲ್ಲ.

ಕಡತಕೋಣೆ
ಡೇಟಾ ಡಿಡ್ಯೂಪ್ಲಿಕೇಷನ್ (ಒಂದೇ ಡೇಟಾವನ್ನ ಒಮ್ಮೆ ಮಾತ್ರ ಇಡುವ ಸೌಲಭ್ಯ) ಆನ್ ಇದ್ದ ವಾಲ್ಯೂಮ್ ಯಾವುದಾದರೂ ಇದ್ದರೆ, ಹೊಸ ಓಎಸ್‌ನಲ್ಲಿ ಮೊದಲು ಆ ರೋಲ್ ಹಾಕಿ. ಅದಿಲ್ಲದಿದ್ದರೆ ಫೈಲ್ ಕಾಣುತ್ತೆ, ತೆರೆಯಲ್ಲ. ಡಿಸ್ಕ್ ಕೆಟ್ಟಿದೆ ಅಂತ ಜನ ಹೆದರುತ್ತಾರೆ. ಏನೂ ಕೆಟ್ಟಿರಲ್ಲ.

ಪರ್ಮಿಷನ್‌ನಲ್ಲಿ ಎಸ್-1-5-21 ಅಂತ ಶುರುವಾಗೋ ಉದ್ದದ ನಂಬರ್ ಕಾಣುತ್ತೆ. ಹಳೇ ಓಎಸ್‌ನ ಬಳಕೆದಾರರು ಅವರು. ಅದೇ ಹೆಸರಿನಲ್ಲಿ ಖಾತೆ ಮಾಡಿದರೂ ಹೊಸ ನಂಬರ್ ಬರುತ್ತೆ. ಓನರ್‌ಶಿಪ್ ತೆಗೆದುಕೊಂಡು ಮತ್ತೆ ಪರ್ಮಿಷನ್ ಕೊಡಬೇಕು.

ತಂತಿಬೇಲಿ
ನೆಟ್‌ವರ್ಕ್ ಡ್ರೈವರ್ ಕೂಡ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಇಂಟೆಲ್ ಐ219-ವಿ ಥರದ ಮನೆ ಬಳಕೆಯ ಚಿಪ್‌ಗಳ ಡ್ರೈವರ್ ಇನ್‌ಸ್ಟಾಲರ್ ಸರ್ವರ್ ಓಎಸ್ ನೋಡಿ ನಿಲ್ಲಿಸಿಬಿಡುತ್ತದೆ. ಇದಕ್ಕೆ ಫೈಲ್ ತಿದ್ದಬೇಡಿ, ಸಹಿ ಮುರಿಯುತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕೈಯಾರೆ ಪಟ್ಟಿಯಿಂದ ಐ219-ಎಲ್‌ಎಂ ಆರಿಸಿ. ಎಚ್ಚರಿಕೆ ಕೊಡುತ್ತೆ, ಒಪ್ಪಿಕೊಳ್ಳಿ. ಸಾಮಾನ್ಯವಾಗಿ ಓಡುತ್ತೆ.

ಹಸಿರುದೀಪ
ತಂತಿಬೇಲಿ, ಇದು ನನಗೂ ಬೇಕಿತ್ತು. ವೈ-ಫೈ ಇದ್ದವರಿಗೆ: ಸರ್ವರ್ 2022ರವರೆಗೆ ವೈರ್‌ಲೆಸ್ ಲ್ಯಾನ್ ಸರ್ವಿಸ್ ಬೇರೆ ಹಾಕಬೇಕಿತ್ತು, 2025ರಲ್ಲಿ ಮೊದಲೇ ಇರುತ್ತೆ.

ಮೂಲೆಸರ್ವರ್
2025 ಹಾಕಿದೆ, ಪೂಲ್ ಕಾಣಿಸಿತು. ಆರ್‌ಇಎಫ್‌ಎಸ್ ವಾಲ್ಯೂಮ್ ರಾ ಅಂತಲೇ ಬಂತು, ಮೊದಲೇ ಗೊತ್ತಿದ್ದರಿಂದ ಹೆದರಲಿಲ್ಲ. ಅದನ್ನ ಹೊಸದಾಗಿ ಎನ್‌ಟಿಎಫ್‌ಎಸ್ ಮಾಡಿ ಫೈಲ್ ವಾಪಸ್ ಹಾಕುತ್ತಿದ್ದೇನೆ. ವರ್ಚುವಲ್ ಮಷೀನ್‌ಗಳೂ ಹೊಸ ಕವಚದಲ್ಲಿ ಎದ್ದವು. ಒಂದೇ ತೊಂದರೆ: ರಾತ್ರಿ ಬ್ಯಾಕಪ್ ಹೋಗುವ ಹಳೇ ನ್ಯಾಸ್‌ಗೆ (ನೆಟ್‌ವರ್ಕ್‌ನಲ್ಲಿ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಈ ಸರ್ವರ್ ಸಂಪರ್ಕವೇ ಆಗುತ್ತಿಲ್ಲ. ಲ್ಯಾಪ್‌ಟಾಪ್‌ಗಳಿಂದ ತೆರೆಯುತ್ತೆ.

ಅಟ್ಟದಮೇಲೆ
ನ್ಯಾಸ್‌ನಲ್ಲಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ಇದೆಯಾ? ಸರ್ವರ್ 2025 ಹೊರಗೆ ಹೋಗುವ ಎಸ್‌ಎಂಬಿ (ಫೈಲ್ ಶೇರ್) ಸಂಪರ್ಕಕ್ಕೆ ಸೈನಿಂಗ್, ಅಂದರೆ ಸಂದೇಶಗಳಿಗೆ ಸಹಿ, ಕಡ್ಡಾಯ ಮಾಡಿದೆ. ಗೆಸ್ಟ್ ಆಗಿ ಹೋದರೆ ಸೈನ್ ಮಾಡೋಕೆ ಆಗಲ್ಲ, ಅದಕ್ಕೆ ನಿಲ್ಲುತ್ತೆ. ಸೈನಿಂಗ್ ಆಫ್ ಮಾಡಿ ಅಂತ ಎಲ್ಲ ಕಡೆ ಬರೆದಿರುತ್ತಾರೆ, ಮಾಡಬೇಡಿ. ನ್ಯಾಸ್‌ನಲ್ಲಿ ಬ್ಯಾಕಪ್‌ಗೆಂದೇ ಒಂದು ಖಾತೆ ಮಾಡಿ, ಪಾಸ್‌ವರ್ಡ್ ಕೊಡಿ, ಎಸ್‌ಎಂಬಿ 2 ಅಥವಾ 3 ಆನ್ ಇದೆಯಾ ನೋಡಿ.

ಮೂಲೆಸರ್ವರ್
ಗೆಸ್ಟ್ ಶೇರೇ ಇತ್ತು. ಖಾತೆ ಮಾಡಿದೆ, ತಕ್ಷಣ ತೆರೆಯಿತು. ಲ್ಯಾಪ್‌ಟಾಪ್‌ಗಳಿಗೂ ಅದನ್ನೇ ಮಾಡುತ್ತೇನೆ.

ಅಟ್ಟದಮೇಲೆ
ಲ್ಯಾಪ್‌ಟಾಪ್‌ಗಳಿಗೆ ಬೇರೆ ಖಾತೆ ಕೊಡಿ. ಬ್ಯಾಕಪ್ ಖಾತೆಯ ಪಾಸ್‌ವರ್ಡ್ ಅವುಗಳ ಮೇಲೆ ಇರಲೇಬಾರದು. ಒಂದು ಲ್ಯಾಪ್‌ಟಾಪ್‌ಗೆ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಅದು ಬ್ಯಾಕಪ್‌ವರೆಗೆ ಹೋಗುವ ದಾರಿ ಇದೇ.